ಶಾರ್ಜಾದಲ್ಲಿ ಮಳೆ

2024ರ ಏಪ್ರಿಲ್ 16, ಮಂಗಳವಾರ. ರಂಜಾನ್ ಹಬ್ಬ ಮುಗಿದು ಇನ್ನೂ ವಾರ ತುಂಬಿರಲಿಲ್ಲ. ನಸುಕಿನಲ್ಲೇ ಗುಡುಗು. ನಮ್ಮ ಕಲಬುರಗಿ ಕಡೆಯವರು ಗುಡುಗು ಕೇಳಿದರೆ ಮೊದಲು ಅಂಗಳದಲ್ಲಿ ಹರವಿದ ಕಾಳಿಗೆ ಓಡುತ್ತೇವೆ. ಶಾರ್ಜಾದ ಅಲ್ ಖಾಸಿಮಿಯಾದ ಏಳನೇ ಮಹಡಿಯಲ್ಲಿ, ಒಂದು ಖೋಲಿಯೊಳಗೆ ಎಂಟು ಮಂದಿ ಇದ್ದ ನಮಗೆ ಅಂಗಳ ಎಲ್ಲಿಂದ ಬರಬೇಕು? ಕಿಟಕಿಗೆ ಮುಖ ಒತ್ತಿ ನಿಂತೆವು.

ನನ್ನ ಕೆಲಸ ಇದ್ದದ್ದು ದುಬೈನಲ್ಲಿ, ದೊಡ್ಡ ಕಟ್ಟಡಗಳ ಪಂಪು, ಲೈಟು ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಎಲೆಕ್ಟ್ರಿಷಿಯನ್. ದುಬೈನಲ್ಲಿ ದುಡಿದು ಶಾರ್ಜಾದಲ್ಲಿ ಮಲಗುವವರು ಲೆಕ್ಕವಿಲ್ಲದಷ್ಟು ಮಂದಿ, ಯಾಕೆಂದರೆ ಅಲ್ಲಿ ಬಾಡಿಗೆ ಕಡಿಮೆ. ಬಾಡಿಗೆ ಅಂದರೆ ಮನೆಗಲ್ಲ, ಮಂಚಕ್ಕೆ. ಬೆಡ್‌ಸ್ಪೇಸ್ ಅಂತಾರೆ. ಒಂದರ ಮೇಲೊಂದು ಕಬ್ಬಿಣದ ಮಂಚ; ಮೇಲಿನವನ ಮುಖಕ್ಕೆ ಎಸಿ ಗಾಳಿ ರಾತ್ರಿಯಿಡೀ ಹೊಡೆಯುತ್ತದೆ, ಕೆಳಗಿನವನ ತಲೆಯ ಮೇಲೆ ಮೇಲಿನವನ ಒದ್ದೆ ಟವೆಲು ನೇತಾಡುತ್ತದೆ. ನಸುಕಿನ ಐದಕ್ಕೆ ಕಂಪನಿ ವ್ಯಾನು. ರಜೆ ದಿನ ಬಟ್ಟೆ ಒಗೆದು, ರೋಲಾ ಕಡೆ ಹೋಗಿ ಕರಕ್ ಚಹಾ ಕುಡಿದು, ಎಕ್ಸ್‌ಚೇಂಜಿನ ಪಾಳಿಯಲ್ಲಿ ನಿಂತು ಊರಿಗೆ ರೊಕ್ಕ ಹಾಕಿದರೆ ದಿನ ಮುಗಿಯಿತು. ಎಳ್ಳ ಅಮಾಸಿಗೆ ನಮ್ಮೂರು ಕಮಲಾಪುರದ ಹೊಲದಲ್ಲಿ ತೊಗರಿ ಕಟಗಿ ಉರಿ ಹಚ್ಚಿ ಕೂತಾಗ ಹುಡುಗರು ಬುರ್ಜ್ ಖಲೀಫಾ ಹೇಂಗದ ಅಂತ ಕೇಳುತ್ತಾರೆ. ದೂರದಿಂದ ನೋಡೀನಪ್ಪ, ವ್ಯಾನಿನ ಕಿಟಕಿಯೊಳಗಿಂದ, ಅಂತೀನಿ. ಮಳೆಯ ಸುದ್ದಿಯಾದರೆ ಕೂತು ಹೇಳಬಹುದು.

ಅವತ್ತು ಸರ್ಕಾರ ತನ್ನ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಅಂದಿತು. ನಮಗೂ ಫೋನ್ ಬಂತು, ಬೇಸ್‌ಮೆಂಟಿಗೆ ನೀರು ನುಗ್ಗಿದೆ, ಲಗು ಬನ್ನಿ ಅಂತ. ಪಂಪು ಮನೆಯಿಂದ ರಿಪೇರಿ ಆಗುತ್ತದೆಯೇ? ಆದರೆ ವ್ಯಾನೇ ಬರಲಿಲ್ಲ. ಶೇಖ್ ಝಾಯೆದ್ ರಸ್ತೆಯಲ್ಲಿ ಕಾರುಗಳು ಮುಳುಗಿದ್ದವು, ಏರ್‌ಪೋರ್ಟಿನ ರನ್‌ವೇ ಮೇಲೆ ವಿಮಾನಗಳು ನೀರು ಸೀಳಿಕೊಂಡು ಹೋಗುತ್ತಿದ್ದವು. ಮಧ್ಯಾಹ್ನ ದುಬೈ ಕಡೆಯ ಗೆಳೆಯರು ಕಳಿಸಿದ ವಿಡಿಯೊದಲ್ಲಿ ಆಕಾಶ ಹಸಿರು ಬಣ್ಣಕ್ಕೆ ತಿರುಗಿತ್ತು. 1949ರಿಂದ ಮಳೆಯ ದಾಖಲೆ ಇಟ್ಟಿರುವ ದೇಶ ಅದು. ಇಷ್ಟು ಎಂದೂ ಬಿದ್ದಿರಲಿಲ್ಲವಂತೆ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನ ತುಂಬುವುದರೊಳಗೆ 254 ಮಿಲಿಮೀಟರ್. ನಮ್ಮಲ್ಲಾದರೆ ಹಳ್ಳ ಇದೆ, ಕೆರೆ ಇದೆ, ಬಿರುಕು ಬಿಟ್ಟ ಎರೆಹೊಲ ಇದೆ. ಅಲ್ಲಿ ನೀರಿಗೆ ದಾರಿಯನ್ನೇ ಬಿಟ್ಟಿರಲಿಲ್ಲ. ವರ್ಷಕ್ಕೆ ನಾಲ್ಕು ದಿನ ಹನಿಯುವ ಮಳೆಗೆ ಯಾರು ಗಟಾರ ಕಟ್ಟುತ್ತಾರೆ? ಎರಡು ತಿಂಗಳ ಮೇಲೆ ದುಬೈ ಸರ್ಕಾರ ಮಳೆನೀರಿನ ಕಾಲುವೆಗೆಂದೇ 3,000 ಕೋಟಿ ದಿರ್ಹಂ ಘೋಷಿಸಿತು, ಆ ಮಾತು ಬೇರೆ.

ಸಂಜೆಗೆ ಕರೆಂಟು ಹೋಯಿತು, ಲಿಫ್ಟು ನಿಂತಿತು. ಮೆಟ್ಟಿಲಿಳಿದು ನೋಡಿದರೆ ಸೊಂಟಮಟ ನೀರು. ಕೆಳಗಿನ ಗ್ರೋಸರಿಯ ಮಲಯಾಳಿ ಇಕ್ಕಾ ಪೆಪ್ಸಿ ಫ್ರಿಜ್ಜಿನ ಮೇಲೆ ಹತ್ತಿ ಕೂತು ಉಧಾರಿ ಪುಸ್ತಕ ಎದೆಗವಚಿಕೊಂಡಿದ್ದರು. ಅದರೊಳಗೆ ನಮ್ಮ ಲೆಕ್ಕವೂ ಇತ್ತು. ಅದು ತೊಯ್ದಿದ್ದರೆ ನನಗೇನೂ ದುಃಖ ಆಗುತ್ತಿರಲಿಲ್ಲ. ಕುಡಿಯುವ ನೀರಿನ ಕ್ಯಾನು ತರುವ ಹುಡುಗನ ಸುಳಿವಿಲ್ಲ. ಇದ್ದ ಒಂದು ಕ್ಯಾನನ್ನು ಲೋಟದ ಲೆಕ್ಕದಲ್ಲಿ ಹಂಚಿಕೊಂಡೆವು. ಆ ವಿದ್ಯೆ ನಮಗೆ ಯಾರೂ ಕಲಿಸಬೇಕಿರಲಿಲ್ಲ.

ನಮ್ಮನ್ನು ಉಳಿಸಿದ್ದು ನಮ್ಮ ಖೋಲಿಯ ಮಹಾಗಾಂವದ ಹುಡುಗ. ಆಗಷ್ಟೇ ರಜೆ ಮುಗಿಸಿ ಹೈದರಾಬಾದಿನಿಂದ ವಿಮಾನ ಹತ್ತಿ ಬಂದಿದ್ದ. (ಕಲಬುರಗಿಗೆ 2019ರಲ್ಲೇ ವಿಮಾನ ನಿಲ್ದಾಣ ಬಂತು; ಗಲ್ಫಿಗೆ ಹೋಗುವವರು ಮಾತ್ರ ಇಂದಿಗೂ ಹೈದರಾಬಾದನ್ನೋ ಮುಂಬೈಯನ್ನೋ ಹಿಡಿಯಬೇಕು.) ಅವನ ಬ್ಯಾಗಿನಲ್ಲಿ ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಖಡಕ್ ರೊಟ್ಟಿ, ಜೋಳದ್ದು ಮತ್ತು ಎಳ್ಳು ಹಚ್ಚಿದ ಸಜ್ಜೆಯದ್ದು. ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ. ಖೋಲಿಯಲ್ಲಿದ್ದ ಕರೀಂನಗರದ ಅಣ್ಣಂದಿರು ಜೊನ್ನ ರೊಟ್ಟೆ ಉಂಡು ಬೆಳೆದವರು, ಏನೂ ಕೇಳದೆ ಮುರಿದು ತಿಂದರು. ಇಕ್ಕಾಗೆ ನಾಲ್ಕು ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ, ಇದು ಹಪ್ಪಳವೇ, ಎಣ್ಣೆಯಲ್ಲಿ ಕರಿಯಬೇಕೇ ಅಂದರು. ಎರಡು ದಿನ ಅದೇ ಊಟ.

ಈ ಮಾತು ಬಂದಾಗ ಉರಿಯ ಆಚೆ ಕೂತ ಕಾಕಾ ಸುಮ್ಮನಿರುವುದಿಲ್ಲ. "ಅವ್ರು ಇಮಾನದಾಗ ಉಪ್ಪು ಒಯ್ದು ಮಾಡಕ್ಕ ಒಗೀತಾರಂತಲ್ಲೊ, ಅದಕ್ಕೇ ಹಂಗಾಗ್ಯದ" ಅಂತಾನೆ. ಅಲ್ಲಿ ಮೋಡ ಬಿತ್ತನೆ ನಡೆಯುವುದು ಖರೆ. ಆದರೆ ಆ ಮಳೆಯ ಮೋಡಕ್ಕೆ ತಾವು ಬಿತ್ತಿಲ್ಲ ಎಂದು ಅಲ್ಲಿನ ಹವಾಮಾನ ಕೇಂದ್ರ ಹೇಳಿತು. ಅದೇ ಬಿರುಮಳೆ ಪಕ್ಕದ ಒಮಾನಿನಲ್ಲಿ ಶಾಲೆಯ ಮಕ್ಕಳನ್ನೂ ಬಿಡದೆ ಕೊಚ್ಚಿಕೊಂಡು ಹೋಗಿತ್ತು. "ನಮ್ ಸುರಪುರದಾಗೂ ರಡಾರ ಇಟ್ಟಿದ್ರು, ವರ್ಷಧಾರೆ ಅಂತ, 2017ರಾಗ" ಅಂತ ಕಾಕಾ ಪಟ್ಟು ಬಿಡುವುದಿಲ್ಲ. ಮಳೆ ಬಂತೇನು ಅಂತ ಕೇಳಿದರೆ ಬೀಡಿ ಹಚ್ಚುತ್ತಾನೆ.

ಮೂರನೇ ದಿನ ನಮ್ಮ ಬೀದಿಗೆ ಟ್ಯಾಂಕರುಗಳು ಬಂದವು. ತೋಳಿನಷ್ಟು ದಪ್ಪ ಪೈಪನ್ನು ಬೀದಿಯ ನೀರಿಗೆ ಇಳಿಬಿಟ್ಟು ಹೀರುವುದು. ಒಂದು ತುಂಬಿ ಹೋದರೆ ಹಿಂದೆ ಇನ್ನೊಂದು. ಡ್ರೈವರುಗಳು ಪೇಶಾವರ ಕಡೆಯ ಪಠಾಣರು, ಸ್ಟೀರಿಂಗ್ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆ. ಬೀದಿ ಒಣಗಲು ವಾರಕ್ಕೂ ಹೆಚ್ಚು ಹಿಡಿಯಿತು. ಆ ದಿನಗಳ ಪಗಾರ ಕಂಪನಿ ಮುರಿಯಿತು.

ಊರಲ್ಲಿ ಆಗ ಏನಿತ್ತು ಅನ್ನುತ್ತೀರಿ? 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತ್ತು. ಅದರ ಹಿಂದಿನ ವರ್ಷ ತೊಗರಿಯನ್ನು ನೆಟೆರೋಗ ತಿಂದಿತ್ತು. ಕಮಲಾಪುರ ಅಂದರೆ ಕೆಂಪು ಬಾಳೆಯ ಊರು, ಆದರೆ ಬಾಳೆಗೆ ನೀರುಣಿಸುತ್ತಿದ್ದ ನಮ್ಮ ಬಾವಿಯ ತಳ ಕಾಣುತ್ತಿತ್ತು. ಅವ್ವ ಟ್ಯಾಂಕರಿನ ಪಾಳಿಗೆ ಕೊಡ ಇಟ್ಟು ಬಂದು ಫೋನ್ ಎತ್ತುತ್ತಿದ್ದಳು. ಬೋಟಿಮ್ ವಿಡಿಯೊ ಕಾಲ್‌ನಲ್ಲಿ ಬೀದಿ ತೋರಿಸಿದೆ.

"ಇಷ್ಟ್ ಟ್ಯಾಂಕರ್ ಯಾಕೊ? ನೀರು ಅಲ್ಲೇ ನಿಂತಾವಲ್ಲ."

"ನಿಂತಾವಂತೇ ತುಂಬ್ಕೊಂಡು ಹೋಗ್ಲತ್ತಾರವ್ವ."

ಅವ್ವ ಫೋನನ್ನು ಪಕ್ಕದ ಮನೆಯವಳ ಮುಖದ ಮುಂದೆ ಹಿಡಿದಳು. "ಏ ಯಕ್ಕಾ, ಇವ್ನ ಊರಾಗ ಟ್ಯಾಂಕರ್ ಬಂದು ನೀರು ಒಯ್ತದಂತ, ನೋಡಿಲ್ಲಿ!"

ಯಕ್ಕ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಒಂದು ಟ್ಯಾಂಕರಿಗಿ ರೊಕ್ಕ ಎಷ್ಟು ಕೊಡ್ತಾರಂತ ಕೇಳು" ಅಂದಳು.