ಮೂಲೆಗೊಂದು ಹೂವು

ಮಗಳ ಕೂಸಿಗೆಂದು ಕೌದಿ ಹೊಲಿಯಹೊರಟೆ. ತೀರಿಹೋದ ನನ್ನ ಆಯಿಯ ಹಳೆಯ ಹತ್ತಿ ಸೀರೆಗಳನ್ನು ಚೌಕ ಚೌಕವಾಗಿ ಕತ್ತರಿಸಿ ಮಶಿನ್ನಿನಲ್ಲಿ ಜೋಡಿಸಿದ್ದೇನೋ ಆಯಿತು. ಆದರೆ ಪದರಗಳನ್ನೆಲ್ಲ ಸೇರಿಸಿ ಕೈಯಿಂದ ಸಾಲುಹೊಲಿಗೆ ಹಾಕುವುದಿದೆಯಲ್ಲ, ಅದು ಇಪ್ಪತ್ತೆಂಟು ವರ್ಷ ಸೀಮೆಸುಣ್ಣ ಹಿಡಿದ ಈ ಬೆರಳುಗಳಿಗೆ ಒಗ್ಗಲಿಲ್ಲ.

ನಮ್ಮ ಹಳದೀಪುರದಿಂದ ಯಲ್ಲಾಪುರದ ಕಡೆಗೆ ವರ್ಗವಾಗಿದ್ದ ಗೆಳತಿ ಅದನ್ನು ಅಲ್ಲಿಯ ಸಿದ್ದಿ ಹೆಂಗಸೊಬ್ಬರಿಗೆ ಹೊಲಿಯಲು ಕೊಟ್ಟಳು. ಘಟ್ಟದ ಮೇಲಿನ ಸಿದ್ದಿಯರ ಪೂರ್ವಜರು ಆಫ್ರಿಕಾದವರು. ಅವರ ಹೆಂಗಸರು ಅಂಚಿನಿಂದ ಸುತ್ತ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ.

ತರಲು ನಾನೇ ಹೋದೆ. ನೋಡಿದರೆ ನಾಲ್ಕೂ ಮೂಲೆಗೆ ನನ್ನದಲ್ಲದ ಕೆಂಪು ಬಟ್ಟೆಯ ತ್ರಿಕೋನ! ಆಯಿಯ ಸೀರೆ ಬಿಟ್ಟು ಬೇರೆ ಚೂರು ಬೇಡವೆಂದು ಹೇಳಿಕಳಿಸಿದ್ದೆ. ಸಿಟ್ಟು ಬಾರದೇ ಇದ್ದೀತೆ, ನೀವೇ ಹೇಳಿ.

"ಅದು ಹೂವು, ಅಕ್ಕೋರೆ. ಹೂವಿಲ್ಲದ ಕೌದಿ ಬೆತ್ತಲೆ. ಕೂಸಿಗೆ ಹಾಂಗೆ ಕೊಡೂದುಂಟೆ?" ಎಂದರು. ಹೂವಿಗೆ ಬೇರೆ ದುಡ್ಡು ಮುಟ್ಟಲಿಲ್ಲ.

ಮಗಳು ಕೌದಿ ಸವರುತ್ತ, "ಎಷ್ಟು ಸಣ್ಣ ಹೊಲಿಗೆ! ಎಲ್ಲ ನೀನೇ ಹಾಕಿದ್ದಾ ಆಯಿ?" ಎಂದಳು. ಶಾಲೆಯಲ್ಲಿ ನಕಲು ಹೊಡೆಯಬೇಡಿ ಎಂದು ಗದರುವ ಇದೇ ಬಾಯಿ "ಹ್ಞೂಂ" ಎಂದುಬಿಟ್ಟಿತು. ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಚಾ ಕೊಡುವಾಗ ಇದ್ದದ್ದು ಹೇಳಿದೆ.

"ಗೊತ್ತಿತ್ತು" ಎಂದು ನಕ್ಕಳು. "ನಿನ್ನ ಹೊಲಿಗೆ ನನ್ನ ಶಾಲೆ ಲಂಗದಲ್ಲೇ ಕಂಡಿದ್ದೆನಲ್ಲ!"