ಕೂಡಿಸುವ ಕೆಲಸ, ಕಳೆಯುವ ಕಷ್ಟ

ಚಿತ್ರಿಸಿದ ದೃಶ್ಯಗಳನ್ನು ಆಯ್ದು ಜೋಡಿಸುವ ಕೆಲಸಕ್ಕೆ ಕನ್ನಡದಲ್ಲಿ ‘ಸಂಕಲನ’ವೆಂಬ ಹೆಸರಿದೆ. ಗಣಿತದಲ್ಲಿ ಇದೇ ಶಬ್ದಕ್ಕೆ ಕೂಡುವುದೆಂದು ಅರ್ಥ, ಕಳೆಯುವುದು ವ್ಯವಕಲನ. ಆದರೆ ಮೊದಲ ಬಾರಿಗೆ ಸಂಕಲನಕ್ಕೆ ಕುಳಿತ ವಿದ್ಯಾರ್ಥಿಯನ್ನು ಕಾಡುವುದು ಕಳೆಯುವ ಕಷ್ಟವೇ. ಉಳಿಸಿದುದನ್ನು ನೋಡುಗರೆಲ್ಲರೂ ಕಾಣುತ್ತಾರೆ. ಬಿಟ್ಟುದನ್ನು ಬಿಟ್ಟವರು ಮಾತ್ರ ಬಲ್ಲರು.

ತೆಲುಗು, ಕನ್ನಡ, ಉರ್ದು, ಮರಾಠಿಗಳು ಬೆರೆತ ಜಹೀರಾಬಾದ್–ನಾರಾಯಣಖೇಡ್ ಸೀಮೆಯಲ್ಲಿ ಈ ವಿದ್ಯೆಯನ್ನು ಕಲಿತವರಲ್ಲಿ ಕಾಲೇಜಿನ ಮೆಟ್ಟಿಲನ್ನೇ ಹತ್ತದವರೂ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದ ಪಿ.ವಿ. ಸತೀಶ್ ಅವರು 1983ರಲ್ಲಿ ಸ್ನೇಹಿತರೊಡಗೂಡಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದರು. ಅದರ ಮಹಿಳಾ ಸಂಘಗಳ ದಲಿತ ರೈತ ಮಹಿಳೆಯರು ಪಸ್ತಾಪುರದಲ್ಲಿ ಕ್ಯಾಮೆರಾ ಹಿಡಿಯುವುದನ್ನೂ ದೃಶ್ಯಗಳನ್ನು ಸಂಕಲಿಸುವುದನ್ನೂ ಕಲಿತರು. ಅವರಲ್ಲಿ ಹಲವರಿಗೆ ಓದುಬರಹ ಬಾರದು. 2001ರಲ್ಲಿ ಅವರದೇ ಸಮುದಾಯ ಮಾಧ್ಯಮ ಟ್ರಸ್ಟ್ ರೂಪುಗೊಂಡಿತು.

ಕಲಿಕೆಯ ಪರಿಭಾಷೆಯನ್ನೂ ಅವರು ತಮ್ಮ ಬದುಕಿನಿಂದಲೇ ತಂದರು. ಮೇಲಿನಿಂದ ಕೆಳಕ್ಕೆ ನೋಡುವ ಕೋನ ಅವರಿಗೆ ‘ಪಟೇಲ್ ಶಾಟ್’; ಕೆಳಗಿನಿಂದ ತಲೆಯೆತ್ತಿ ನೋಡುವುದು ಜೀತದಾಳಿನ ಶಾಟ್; ಕಣ್ಣಿಗೆ ಕಣ್ಣು ಸಮವಾದುದು ‘ಸಂಘಂ ಶಾಟ್’. 2002ರಲ್ಲಿ ಬಿ.ಟಿ. ಹತ್ತಿಗೆ ದೇಶದಲ್ಲಿ ಅನುಮತಿ ದೊರೆತ ಮೇಲೆ, ವಾರಂಗಲ್ಲಿನ ಹೊಲಗಳಿಗೆ ಮತ್ತೆ ಮತ್ತೆ ಹೋಗಿ ಬೆಳೆಗಾರರ ಅನುಭವವನ್ನು ಅವರು ದಾಖಲಿಸಿದರು.

ಇಂಥ ದಾಖಲೆಯಲ್ಲಿ ಸಂಕಲನದ ಹೊಣೆ ಸಣ್ಣದಲ್ಲ. ಬಿತ್ತನೆಯ ಕಾಲದ ನಿರೀಕ್ಷೆ ಮೊದಲು ಬಂದು, ಕೊಯ್ಲಿನ ಲೆಕ್ಕ ಅನಂತರ ಬಂದರೆ ಒಂದು ಅರ್ಥ; ನಿರೀಕ್ಷೆಯನ್ನೇ ಕತ್ತರಿಸಿದರೆ ಮತ್ತೊಂದು. ಮಾತಿನ ನಡುವೆ ಕತ್ತರಿಸಿದರೆ ತೆರೆಯ ಮೇಲಿನ ಮುಖ ಕುಪ್ಪಳಿಸಿದಂತೆ ಕಾಣುತ್ತದೆ. ಅದನ್ನು ಮರೆಮಾಡಲು ಕೈಗಳನ್ನೋ ಹೊಲವನ್ನೋ ತೋರಿಸಿ, ಹಿಂದೆ ಧ್ವನಿಯನ್ನು ಬೆಸೆಯುವುದು ಪ್ರತಿ ವಿದ್ಯಾರ್ಥಿಯೂ ಬೇಗನೆ ಕಲಿಯುವ ಉಪಾಯ. ಬೆಸುಗೆ ನೋಡುಗರಿಗೆ ತಿಳಿಯದು. ಕೌಶಲವಿರುವುದು ಅಲ್ಲಿಯೇ; ಅಪಾಯವಿರುವುದೂ ಅಲ್ಲಿಯೇ. ತೆಲುಗಿನಲ್ಲಿ ಮಾತು ಆರಂಭಿಸಿದ ರೈತನೊಬ್ಬ ಸಾಲದ ವಿಷಯ ಬಂದೊಡನೆ ಮೌನವಾಗಿ, ಬಳಿಕ ಮನೆಯ ಕನ್ನಡಕ್ಕೆ ಹೊರಳಿದನೆಂದು ಭಾವಿಸೋಣ. ಅವಧಿ ಮಿತಿ ಮೀರಿತೆಂದು ಆ ಮೌನವನ್ನೂ, ಭಾಷೆ ಬೆರೆಯಿತೆಂದು ಆ ಕನ್ನಡವನ್ನೂ ತೆಗೆದರೆ, ಉಳಿಯುವುದು ಮಾಹಿತಿ ಮಾತ್ರ.

ಕನ್ನಡ ವಿದ್ಯಾರ್ಥಿಗಳಿಗೆ ಈ ಇಕ್ಕಟ್ಟು ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರು ಪಾಠಾಂತರಗಳ ಬೆಲೆಯನ್ನು ಬಲ್ಲರು. ಗ್ರಂಥಸಂಪಾದಕನು ಒಂದು ಪಾಠವನ್ನು ಸ್ವೀಕರಿಸಿದರೂ ಉಳಿದವನ್ನು ಪುಟದ ಅಡಿಯಲ್ಲಿ ನಮೂದಿಸುತ್ತಾನೆ. ಓದುಗನು ಅವನ ತೀರ್ಪನ್ನು ಪ್ರಶ್ನಿಸಬಹುದು. ಚಿತ್ರಕ್ಕೆ ಅಂಥ ಅಡಿಟಿಪ್ಪಣಿಯಿಲ್ಲ. ಆದರೂ ಕಂಪ್ಯೂಟರಿನಲ್ಲಿ ಕತ್ತರಿಸಿದಾಗ ಮೂಲ ಕಡತ ಅಳಿಯುವುದಿಲ್ಲ. ಅದನ್ನು ಜೋಪಾನವಾಗಿರಿಸಿ, ಏನನ್ನು ಏಕೆ ಬಿಡಲಾಯಿತೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟು, ಚಿತ್ರ ಹೊರಬರುವ ಮುನ್ನ ಮಾತನಾಡಿದವರಿಗೇ ಒಮ್ಮೆ ತೋರಿಸುವುದು ಕಲಿಯುವವರ ಕೈಯಲ್ಲಿಯೇ ಇದೆ.