ವೃತ್ತಿ, ಹವ್ಯಾಸ ಮತ್ತು ಸಂಸಾರ

ನಮ್ಮ ಯಜಮಾನರು ದೂರಸಂಪರ್ಕದ ಉದ್ಯೋಗದಲ್ಲಿ ಮೂವತ್ತಾರು ವರ್ಷಗಳಿಗೂ ಮಿಕ್ಕಿ ದುಡಿದು 2020ರ ಜನವರಿ 31ರಂದು ನಿವೃತ್ತರಾದರು. ಆ ಅವಧಿಯಲ್ಲಿ ಅವರು ಕಲಿತ ವಿದ್ಯೆ ಮೂರು ಸಲ ಹಳೆಯದಾಯಿತು. ಮೂರು ಸಲವೂ ಅವರು ಹೊಸ ವಿದ್ಯಾರ್ಥಿಯಂತೆ ಪುಸ್ತಕ ಹಿಡಿದು ಕುಳಿತರು. ಇಂದು ನಮ್ಮ ಬಂಧುಬಳಗದ ಹೆಚ್ಚಿನ ಮನೆಗಳಲ್ಲಿ ಮಗನೋ ಮಗಳೋ ಸೊಸೆಯೋ ಕಂಪ್ಯೂಟರಿನ ಉದ್ಯೋಗದಲ್ಲಿದ್ದಾರೆ. ಕೈತುಂಬ ಸಂಬಳವಿದ್ದರೂ ಕಲಿತ ವಿದ್ಯೆ ಎಷ್ಟು ದಿನ ನಡೆದೀತೆಂಬ ಅಳುಕು ಆ ಮನೆಗಳಲ್ಲಿದೆ. ಅಂಥವರಿಗೆ ಉಪಯೋಗವಾದೀತೆಂಬ ಭಾವನೆಯಿಂದ ನಮ್ಮ ಸಂಸಾರದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇವೆ.

ಅವರು ಡಿಪ್ಲೊಮಾ ಮುಗಿಸಿ 1983ರಲ್ಲಿ ಕೆಲಸಕ್ಕೆ ಸೇರಿದಾಗ ಅಂಚೆ ಮತ್ತು ತಂತಿ ಎರಡೂ ಒಂದೇ ಇಲಾಖೆಯಾಗಿದ್ದವು. ಒಂದು ಜಿಲ್ಲಾ ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರ ಮೊದಲ ನೇಮಕವಾಯಿತು. ಅಲ್ಲಿದ್ದುದು ಸ್ಟ್ರೌಜರ್ ಎಂಬ ಹೆಸರಿನ ಯಂತ್ರ. ಚಂದಾದಾರರು ಫೋನಿನ ಚಕ್ರವನ್ನು ತಿರುಗಿಸಿದೊಡನೆ ಅಂಕಿಗೆ ಸರಿಯಾಗಿ ವಿದ್ಯುತ್ತಿನ ಮಿಡಿತಗಳು ಬರುತ್ತಿದ್ದವು. ಆ ಮಿಡಿತಗಳ ಲೆಕ್ಕದಂತೆ ಯಂತ್ರದ ಒಂದು ಪುಟ್ಟ ತೋಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಅನಂತರ ಅಡ್ಡಲಾಗಿ ಸುತ್ತಿ, ಬೇಕಾದ ಬಿಂದುವನ್ನು ಮುಟ್ಟುತ್ತಿತ್ತು. ಹತ್ತು ಅಂತಸ್ತು, ಅಂತಸ್ತಿಗೆ ಹತ್ತರಂತೆ ನೂರು ಬಿಂದುಗಳು. ಇಂಥ ತೋಳುಗಳು ಸಾಲು ಸಾಲಾಗಿ ಏರಿಳಿಯುತ್ತಿದ್ದ ಕೋಣೆಯಲ್ಲಿ ಹಗಲಿಡೀ ಮಗ್ಗಗಳ ಸದ್ದಿನಂಥ ಸದ್ದು. ಅನುಭವಿಗಳಾದ ಹಿರಿಯರು ಆ ಸದ್ದನ್ನು ಕೇಳಿಯೇ ಯಾವ ಸಾಲಿನಲ್ಲಿ ದೋಷವಿದೆಯೆಂದು ಹೇಳುತ್ತಿದ್ದರಂತೆ. ನಮ್ಮ ಯಜಮಾನರೂ ಮೂರು ವರ್ಷಗಳಲ್ಲಿ ಆ ಕಿವಿಯನ್ನು ಸಂಪಾದಿಸಿದರು.

ಈ ಯಂತ್ರವನ್ನು ಕಂಡುಹಿಡಿದ ಆಲ್ಮನ್ ಸ್ಟ್ರೌಜರ್ ಎಂಬಾತ ಎಂಜಿನಿಯರನಲ್ಲ. ಅಮೆರಿಕದಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯವನು. ತನ್ನ ಗಿರಾಕಿಗಳ ಕರೆಗಳನ್ನು ಟೆಲಿಫೋನ್ ಆಪರೇಟರು ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾರೆಂಬ ಸಂಶಯ ಅವನಿಗೆ ಬಂದು, ಆಪರೇಟರೇ ಬೇಡವಾದ ಯಂತ್ರವೊಂದನ್ನು ಯೋಚಿಸಿದನೆಂದು ಹೇಳುತ್ತಾರೆ. 1891ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ವೃತ್ತಿ ಬದಲಾಯಿಸುವುದು ಅಗೌರವದ ಮಾತೆಂದು ಯಾರಾದರೂ ಅಂದರೆ ನಮ್ಮ ಯಜಮಾನರು ಈ ಕಥೆಯನ್ನು ತಪ್ಪದೆ ಹೇಳುತ್ತಾರೆ.

ಕಿವಿಯಿಂದ ಕಲಿತ ಆ ವಿದ್ಯೆ ಬಹುಕಾಲ ಬಾಳಲಿಲ್ಲ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಗ್ರಾಮಗಳಿಗಾಗಿ 128 ಪೋರ್ಟುಗಳ ಒಂದು ಎಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು ನಿರ್ಮಿಸಿತು. ಅದರ ಮೊದಲ ಸ್ಥಾಪನೆಯು 1986ರಲ್ಲಿ ನಮ್ಮ ಚೆನ್ನಮ್ಮ ರಾಣಿಯ ಕಿತ್ತೂರಿನಲ್ಲಿಯೇ ಆಯಿತೆಂಬುದು ಕರ್ನಾಟಕಕ್ಕೆ ಹೆಮ್ಮೆಯ ವಿಷಯ. ನಮ್ಮ ದೇಶದ ಹಳ್ಳಿಯ ಧೂಳು ಮತ್ತು ಬಿಸಿಲನ್ನು ಲೆಕ್ಕಕ್ಕೆ ಹಿಡಿದೇ ಮಾಡಿದ ಯಂತ್ರವಾದುದರಿಂದ ಅದಕ್ಕೆ ಹವಾನಿಯಂತ್ರಣದ ಅವಶ್ಯಕತೆಯಿರಲಿಲ್ಲ. ಮುಂದೆ ಇಂಥ ಎಕ್ಸ್‌ಚೇಂಜುಗಳು ಊರೂರಿಗೆ ಬಂದಾಗ ಅವರನ್ನೂ ತರಬೇತಿಗೆ ಕಳುಹಿಸಲಾಯಿತು. ಅಲ್ಲಿ ಏರುವ ತೋಳಿಲ್ಲ, ಸದ್ದಿಲ್ಲ. ಹಸಿರು ಫಲಕಗಳ ಮೇಲೆ ಮಿನುಗುವ ಸಣ್ಣ ದೀಪಗಳಷ್ಟೆ. ಕಿವಿಯಿಂದ ದೋಷ ಹಿಡಿಯುತ್ತಿದ್ದ ಹಿರಿಯರಲ್ಲಿ ಕೆಲವರು ತರಬೇತಿಯಿಂದ ಹಿಂದಿರುಗಿ ಬಹಳ ದಿನ ಮಂಕಾಗಿದ್ದರೆಂದು ಅವರು ಹೇಳಿದ್ದುಂಟು.

1988ರಲ್ಲಿ ನಮ್ಮ ವಿವಾಹವಾಯಿತು. ಆಗ ಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ಆದುದರಿಂದ ನಮ್ಮ ಮನೆಯ ಫೋನು ಓಣಿಗೆಲ್ಲ ಫೋನಾಗಿತ್ತು. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಕನ್ಯೆಯನ್ನು ಒಪ್ಪಿದ ಸುದ್ದಿ ಎಲ್ಲವೂ ನಮ್ಮ ಪಡಸಾಲೆಗೇ ಬರುತ್ತಿದ್ದವು. ಮಳೆಗಾಲದಲ್ಲಿ ಕೇಬಲ್ ಕೆಟ್ಟರೆ ಯಜಮಾನರು ನಡುರಾತ್ರಿ ಎದ್ದು ಹೋಗಬೇಕು. ಬರುವ ಹೊತ್ತಿಗೆ ರೊಟ್ಟಿ ತಣ್ಣಗಾಗಿರುತ್ತಿತ್ತು. ಎರಡು ವರ್ಗಾವಣೆಗಳಲ್ಲಿ ಅತ್ತೆಯವರನ್ನೂ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಊರು ಬದಲಾಯಿಸಿದೆವು. ಅಷ್ಟರಲ್ಲಿ ಆಪ್ಟಿಕಲ್ ಫೈಬರ್ ಬಂದಿತು, ಬಿಲ್ಲುಗಳು ಕಂಪ್ಯೂಟರಿಗೆ ಹೋದವು. ಅವರು ನಲವತ್ತರ ಸಮೀಪದಲ್ಲಿ ಕೀಲಿಮಣೆಯ ಮುಂದೆ ಕುಳಿತು ಪ್ರೋಗ್ರಾಮ್ ಬರೆಯುವುದನ್ನು ಕಲಿತರು. 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವೆಯು ಬಿಎಸ್‌ಎನ್‌ಎಲ್ ಎಂಬ ನಿಗಮವಾಯಿತು. ಅನಂತರ ಮೊಬೈಲು ಮತ್ತು ಬ್ರಾಡ್‌ಬ್ಯಾಂಡುಗಳು ಬಂದು ಮೂರನೆಯ ಸಲ ಪಾಠ ಆರಂಭವಾಯಿತು.

ಇಷ್ಟೆಲ್ಲ ಬದಲಾವಣೆಗಳ ನಡುವೆ ಅವರಲ್ಲಿ ಬದಲಾಗದೆ ಉಳಿದುದು ಒಂದು ಹವ್ಯಾಸ. ಅದು ಹ್ಯಾಮ್ ರೇಡಿಯೋ. ಕೇಂದ್ರ ಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ತಮ್ಮ ಮನೆಯಿಂದಲೇ ರೇಡಿಯೋ ತರಂಗಗಳ ಮೂಲಕ ದೇಶವಿದೇಶಗಳ ಇತರ ಹವ್ಯಾಸಿಗಳೊಂದಿಗೆ ಮಾತನಾಡಬಹುದು. ಪ್ರತಿಯೊಬ್ಬರಿಗೂ ಒಂದು ಕರೆಸಂಕೇತವಿರುತ್ತದೆ. ಭಾರತೀಯರದು ಸಾಮಾನ್ಯವಾಗಿ ವಿಯು ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಹನ್ನೆರಡು ವರ್ಷ ತುಂಬಿದ ಬಾಲಕ ಬಾಲಕಿಯರೂ ಪರೀಕ್ಷೆಗೆ ಕೂಡಬಹುದು. ಈ ಮಾರ್ಗದಲ್ಲಿ ವ್ಯಾಪಾರದ ಮಾತಿಗೆ ಅವಕಾಶವಿಲ್ಲ, ಒಂದು ಕಾಸಿನ ಗಳಿಕೆಯೂ ಇಲ್ಲ. ತರಂಗಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಹಿಂದಿರುಗುವುದರಿಂದ ದೂರದ ಊರುಗಳು ಕೇಳಿಸುತ್ತವೆ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುವಂತೆ ಈ ಸಂಪರ್ಕವೂ ಹಿಗ್ಗಿ ಕುಗ್ಗುತ್ತದೆ. ಮೇಲ್ಮಾಳಿಗೆಯ ಮೇಲೆ ತಂತಿ ಕಟ್ಟಿ, ಹಳೆಯ ಬಿಡಿಭಾಗಗಳಿಂದ ತಾವೇ ಜೋಡಿಸಿದ ಪೆಟ್ಟಿಗೆಯ ಮುಂದೆ ಅವರು ಕುಳಿತರೆಂದರೆ, ‘ಅಪ್ಪಾ ಜಪಾನಿನಲ್ಲಿದ್ದಾರೆ’ ಎಂದು ಮಕ್ಕಳು ಬಂದವರಿಗೆ ಹೇಳುತ್ತಿದ್ದರು.

ಅವರಿಗೆ ಮಾತಿಗಿಂತ ಮೋರ್ಸ್ ಸಂಕೇತವೇ ಹೆಚ್ಚು ಪ್ರಿಯ. ಸ್ಟ್ರೌಜರ್ ಕೋಣೆಯಲ್ಲಿ ಹದಗೊಂಡ ಕಿವಿಗೆ ಇಲ್ಲಿ ಮತ್ತೆ ಕೆಲಸ ದೊರೆಯಿತು. ಈ ಸಂಕೇತಕ್ಕೆ ಹೆಸರು ಕೊಟ್ಟ ಸ್ಯಾಮ್ಯುಯೆಲ್ ಮೋರ್ಸ್ ಮೂಲತಃ ಚಿತ್ರಕಾರ. 1825ರಲ್ಲಿ ಆತ ವಾಷಿಂಗ್ಟನ್ನಿನಲ್ಲಿ ಒಂದು ಭಾವಚಿತ್ರದ ಕೆಲಸದಲ್ಲಿದ್ದಾಗ ದೂರದ ಊರಿನಲ್ಲಿ ಪತ್ನಿ ತೀರಿಕೊಂಡಳು. ಪತ್ರ ಕೈಸೇರಿ ಆತ ಮನೆ ಮುಟ್ಟುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿತ್ತು. 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಪ್ರಸಿದ್ಧವಾದ ತಂತಿ ಸಂದೇಶ ಹೋದಾಗ ಅವನಿಗೆ 53 ವರ್ಷ. ನಮ್ಮ ದೇಶದ ಸಾರ್ವಜನಿಕ ತಂತಿ ಸೇವೆಯು 2013ರ ಜುಲೈಯಲ್ಲಿ ನಿಂತಿತು; ನಮ್ಮ ಮೇಲ್ಮಾಳಿಗೆಯ ಕಟಕಟ ಇಂದಿಗೂ ನಡೆದಿದೆ. ಹ್ಯಾಮ್ ಬಂಧುಗಳು ಮಾತು ಮುಗಿಸುವಾಗ ಶುಭಾಶಯದ ಬದಲು ‘73’ ಎನ್ನುತ್ತಾರೆ. ಅವರಲ್ಲಿ ಒಬ್ಬರು ತೀರಿಕೊಂಡರೆ ಸತ್ತರೆನ್ನುವುದಿಲ್ಲ, ‘ಅವರ ಕೀಲಿ ಮೌನವಾಯಿತು’ ಎನ್ನುತ್ತಾರೆ.

ಗಳಿಕೆಯಿಲ್ಲದ ಈ ಕೆಲಸದ ಬೆಲೆ ವಿಪತ್ತಿನ ದಿನಗಳಲ್ಲಿ ತಿಳಿಯುತ್ತದೆ. 2001ರ ಜನವರಿ 26ರಂದು ಗುಜರಾತಿನ ಕಛ್ ಪ್ರದೇಶದಲ್ಲಿ ಭೂಕಂಪವಾಗಿ ದೂರವಾಣಿಗಳು ಸ್ತಬ್ಧವಾದಾಗ, ಹವ್ಯಾಸಿಗಳು ಅಲ್ಲಿಗೆ ಹೋಗಿ ರೇಡಿಯೋ ಕೇಂದ್ರಗಳನ್ನು ತೆರೆದರು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಅಪರೂಪದ ಅನುಮತಿ ಪಡೆದು ಅಂಡಮಾನಿಗೆ ಹೋಗಿದ್ದ ಹ್ಯಾಮ್ ತಂಡವೊಂದು ಪೋರ್ಟ್ ಬ್ಲೇರಿನಲ್ಲಿಯೇ ಇದ್ದಿತು. ಭಾರತಿ ಪ್ರಸಾದ್ ಎಂಬ ಮಹಿಳೆಯ ನೇತೃತ್ವದ ಆ ತಂಡವು ಹವ್ಯಾಸದ ಮಾತನ್ನು ಬದಿಗಿರಿಸಿ ದ್ವೀಪದ ಜನರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸತೊಡಗಿತು. ಆ ದಿನಗಳಲ್ಲಿ ನಮ್ಮ ಯಜಮಾನರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಧ್ಯರಾತ್ರಿಯವರೆಗೆ ಅಲೆಗಳಿಗೆ ಕಿವಿಗೊಟ್ಟಿರುತ್ತಿದ್ದರು. ನಾವು ಚಹಾ ಮಾಡಿ ಮೇಲಕ್ಕೆ ಒಯ್ಯುತ್ತಿದ್ದೆವು.

2019ರ ನವೆಂಬರಿನಲ್ಲಿ ಸ್ವಯಂ ನಿವೃತ್ತಿಯ ಯೋಜನೆ ಬಂದಿತು. ಐವತ್ತು ವರ್ಷ ತುಂಬಿದವರು ಡಿಸೆಂಬರ್ 3ರೊಳಗೆ ಒಪ್ಪಿಗೆ ತಿಳಿಸಬೇಕಾಗಿತ್ತು. ನಮ್ಮ ಯಜಮಾನರಿಗೆ ಆಗ ಐವತ್ತೇಳು, ಅರವತ್ತರವರೆಗೆ ಸೇವೆಯಿತ್ತು. ಮನೆಯ ಸಾಲದ ಕಂತುಗಳು ಉಳಿದಿದ್ದವು, ಮಗನ ಮದುವೆಯಾಗಬೇಕಿತ್ತು, ಅತ್ತೆಯವರ ಔಷಧಿಯ ಖರ್ಚಿತ್ತು. ಅಡುಗೆ ಮನೆಯ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಮೂರು ರಾತ್ರಿ ಕುಳಿತೆವು. ಹಣದ ಲೆಕ್ಕ ಎರಡನೆಯ ರಾತ್ರಿಯೇ ಮುಗಿದಿತ್ತು. ಮೂರನೆಯ ರಾತ್ರಿ ಅವರು, ‘ನೋಡು, ನಾಳೆ ಮುಂಜಾನೆ ಎದ್ದು ನಾ ಯಾರು ಅಂತ ಹೇಳಲಿ?’ ಎಂದು ಕೇಳಿದರು. ‘ಮ್ಯಾಲಿನ ಪೆಟ್ಟಿಗೆಯೊಳಗ ನಿಮ್ಮನ್ನ ಹುದ್ದೆ ಕೇಳಿ ಯಾರು ಮಾತಾಡಿಸ್ಯಾರ? ಕರೆಸಂಕೇತ ಕೇಳ್ತಾರ, ಅದು ನಿಮ್ಮದೇ ಐತಲ್ಲ’ ಎಂದು ಉತ್ತರ ಬಂದಿತು. ಆ ಉತ್ತರವನ್ನು ಕೊಟ್ಟವರು ಪಕ್ಕದ ಕೋಣೆಯಲ್ಲಿ ನಿದ್ರೆ ಬಾರದೆ ಮಲಗಿದ್ದ ಅತ್ತೆಯವರು. ಮರುದಿನ ಅರ್ಜಿ ಹೋಯಿತು. ದೇಶದಲ್ಲಿ ಸುಮಾರು 78 ಸಾವಿರ ನೌಕರರು ಅದೇ ದಿನ ನಿವೃತ್ತರಾದರು.

ಎರಡು ತಿಂಗಳೊಳಗೆ ಕೊರೋನಾದ ಬಾಗಿಲು ಮುಚ್ಚುವಿಕೆ ಬಂದಿತು. ಹೊಸದಾಗಿ ನಿವೃತ್ತರಾದವರಿಗೆ ಅದು ಕಠಿಣ ಕಾಲ. ಮಾತನಾಡಲು ಕಚೇರಿಯಿಲ್ಲ, ಕಟ್ಟೆಯಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಮುಂಜಾನೆ ಏಳು ಗಂಟೆಗೆ ತಪ್ಪದೆ ಹತ್ತಾರು ಊರುಗಳ ಮಿತ್ರರು ಅಲೆಗಳ ಮೇಲೆ ಸೇರುತ್ತಿದ್ದರು. ಬಾಗಿಲು ತೆರೆದ ಮೇಲೆ ಅವರು ಓಣಿಯ ಹುಡುಗರಿಗೆ ಬೆಸುಗೆ ಹಾಕುವುದನ್ನು, ಮೀಟರಿನಿಂದ ದೋಷ ಹುಡುಕುವುದನ್ನು ಕಲಿಸತೊಡಗಿದರು. ಕೆಟ್ಟ ರೇಡಿಯೋ, ಮಿಕ್ಸರುಗಳನ್ನು ಜನ ತಂದುಕೊಡುತ್ತಾರೆ. ಬಡವರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಇದ್ದವರಿಂದ ಬಿಡಿಭಾಗದ ಬೆಲೆ ಮಾತ್ರ.

ನಮ್ಮ ಸಂಸಾರಕ್ಕೆ ನಿಜವಾದ ಪರೀಕ್ಷೆ ಬಂದುದು 2023ರಲ್ಲಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ಹತ್ತು ವರ್ಷ ದುಡಿದ ಮಗಳನ್ನು ಒಂದು ಮುಂಜಾನೆ ಈಮೇಲ್ ಕಳುಹಿಸಿ ಕೆಲಸದಿಂದ ತೆಗೆದರು. ಸಾಯಂಕಾಲದೊಳಗೆ ಅವಳ ಲ್ಯಾಪ್‌ಟಾಪು ತೆರೆಯದಂತಾಯಿತು. ಊರಿಗೆ ಬಂದವಳು ವಾರಗಟ್ಟಲೆ ಹೊರಗೆ ಹೋಗಲಿಲ್ಲ. ‘ಯಾರಾದರೂ ಎಲ್ಲಿ ಕೆಲಸ ಮಾಡ್ತಿ ಅಂತ ಕೇಳಿದರ ಏನು ಹೇಳಲಿ ಅವ್ವಾ?’ ಎಂದಳು. ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಅವಳ ತಂದೆಯೂ ಕೇಳಿದ್ದರೆಂಬುದು ನಮ್ಮ ನೆನಪಿನಲ್ಲಿತ್ತು.

ಯಜಮಾನರು ಅವಳಿಗೆ ಉಪದೇಶ ಮಾಡಲಿಲ್ಲ. ‘ನಿನಗೆ ಏನು ಬರುತ್ತದೆ?’ ಎಂದಷ್ಟೇ ಕೇಳಿದರು. ಅವಳು ಕಂಪ್ಯೂಟರಿನ ನಾಲ್ಕಾರು ಭಾಷೆಗಳ ಹೆಸರು ಹೇಳಿದಳು. ‘ಅವು ಹತಾರಗಳ ಹೆಸರು. ನನಗೂ ಸ್ಟ್ರೌಜರ್ ಬರುತ್ತಿತ್ತು, ಈಗ ಅದು ಎಲ್ಲೂ ಇಲ್ಲ. ಆದರೆ ದೋಷ ಎಲ್ಲಿದೆಯೆಂದು ತಾಳ್ಮೆಯಿಂದ ಹುಡುಕುವುದು ಅಲ್ಲಿ ಕಲಿತದ್ದು, ಅದು ಇನ್ನೂ ಇದೆ’ ಎಂದರು. ಅವಳಿಗೆ ಮೋರ್ಸ್ ಹಿಡಿಸಲಿಲ್ಲ. ಹಿಡಿಸಬೇಕೆಂದು ಅವರು ಒತ್ತಾಯಿಸಲೂ ಇಲ್ಲ. ಅವಳು ಹೋಗಿ ಕುಳಿತದ್ದು ಅಜ್ಜಿಯ ಬಳಿಯಲ್ಲಿ, ಕಸೂತಿಯ ಮುಂದೆ.

ಧಾರವಾಡದ ಕಸೂತಿಯನ್ನು ನಮ್ಮ ಓದುಗ ಭಗಿನಿಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆಯದು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲಿನ ಎರಡು ಬಟ್ಟೆಯ ಎರಡೂ ಬದಿಗೆ ಒಂದೇ ತೆರನಾಗಿ ಕಾಣಬೇಕು. ಒಂದು ಎಳೆ ತಪ್ಪಿದರೆ ತೇರಿನ ಕಳಸ ವಾಲುತ್ತದೆ. ತಪ್ಪಿದ ಜಾಗದವರೆಗೆ ಬಿಚ್ಚಿ ಮತ್ತೆ ಹಾಕಬೇಕು. ಎಂಬತ್ತು ದಾಟಿದ ಅಜ್ಜಿ ಕಣ್ಣು ಕಾಣದಿದ್ದರೂ ಬೆರಳು ಆಡಿಸಿ ತಪ್ಪನ್ನು ಹೇಳುತ್ತಿದ್ದರು. ಇಳಕಲ್ ಸೀರೆಯ ಒಂದು ಸೆರಗು ಮುಗಿಯುವಷ್ಟರಲ್ಲಿ ಐದು ತಿಂಗಳಾಗಿತ್ತು, ಮಗಳಿಗೆ ಊಟ ರುಚಿಸತೊಡಗಿತ್ತು. ಆ ಅವಧಿಯಲ್ಲಿಯೇ ಅವಳು ಅರ್ಜಿಗಳನ್ನೂ ಹಾಕುತ್ತಿದ್ದಳು. ಈಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾಳೆ. ಸಂಬಳ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕೆಲಸ ಎಷ್ಟು ವರ್ಷ ಇರುತ್ತದೆಂದು ನಾವು ಕೇಳುವುದಿಲ್ಲ, ಅವಳೂ ಹೇಳಲಾರಳು.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಹುಡುಗನನ್ನೋ ಹುಡುಗಿಯನ್ನೋ ನೋಡಲು ಹೋದಾಗ ಕಂಪನಿಯ ಹೆಸರನ್ನೂ ಸಂಬಳವನ್ನೂ ಕೇಳುವ ರೂಢಿ ನಮ್ಮಲ್ಲಿದೆ. ಅದರ ಜೊತೆಗೆ, ಸಂಬಳವಿಲ್ಲದೆ ಇವರು ಏನನ್ನು ಪ್ರೀತಿಯಿಂದ ಮಾಡುತ್ತಾರೆ ಎಂಬುದನ್ನೂ ಕೇಳೋಣ. ಮಕ್ಕಳು ರಜೆಯ ದಿನ ತಂತಿ ಹಿಡಿದು ಕುಳಿತರೆ, ಸೂಜಿ ಹಿಡಿದು ಕುಳಿತರೆ ‘ಇದರಿಂದ ಏನು ಬರುತ್ತದೆ’ ಎಂದು ಎಬ್ಬಿಸದಿರೋಣ. ಕೆಲಸ ಹೋದ ಮಕ್ಕಳು ಮನೆಗೆ ಬಂದರೆ ಬಂಧುಗಳ ಮುಂದೆ ಅದನ್ನು ಮುಚ್ಚಿಡದೆ, ಊಟದ ಸಾಲಿನಲ್ಲಿ ಮೊದಲಿನಂತೆಯೇ ಕೂಡ್ರಿಸೋಣ. ಯಂತ್ರಗಳ ಆಯುಷ್ಯ ಮನುಷ್ಯನ ದುಡಿಮೆಯ ಆಯುಷ್ಯಕ್ಕಿಂತ ಕಡಿಮೆಯಾಗಿರುವ ಈ ಕಾಲದಲ್ಲಿ, ಮನೆಯವರು ಇಷ್ಟನ್ನು ಮಾಡಲು ಸಾಧ್ಯವಿದೆ.